ಆಲ್‌ದೋ ಹಾಕಿದ ಮೇಲೂ ಬಟ್ ನುಸುಳುತ್ತಿದೆಯೇ? ಇಂಗ್ಲಿಷ್ ವಾಕ್ಯ ಕೆಟ್ಟಾಗ ಎಲ್ಲಿ ನೋಡಬೇಕು

ಸಂಜೆಯ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಒಬ್ಬ ಹುಡುಗಿ ತಾನೇ ಬರೆದ ನಾಲ್ಕು ಸಾಲು ಓದುತ್ತಿದ್ದಳು. "ಆಲ್‌ದೋ ಐ ಹ್ಯಾಡ್ ಫೀವರ್" ಅಂದಳು. ಕಾಮಾ ಬಂತು, ಉಸಿರು ಎಳೆದುಕೊಂಡಳು. "ಬಟ್ ಐ ಕೇಮ್ ಟು ಕ್ಲಾಸ್" ಅಂತ ಮುಗಿಸಿದಳು. ಹಾಳೆ ಇಸಿದುಕೊಂಡು ನೋಡಿದರೆ ಅಲ್ಲಿ ಬಟ್ ಇರಲೇ ಇಲ್ಲ. ಬರೆದದ್ದು ಸರಿಯಾಗಿಯೇ ಇತ್ತು. ಓದುವಾಗ ಬಾಯಿ ತಾನಾಗಿ ಒಂದು ಬಟ್ ಸೇರಿಸಿತ್ತು.

ಅವತ್ತಿನಿಂದ ನಾನು ಆ ಉಸಿರಿನ ಜಾಗವನ್ನೇ ಗಮನಿಸುತ್ತಿದ್ದೇನೆ. "ಹೀಗಿದ್ದರೂ ಹಾಗಾಯಿತು" ಅನ್ನುವ ಮಾತನ್ನು ಇಂಗ್ಲಿಷಿಗೆ ತರುವಾಗ ನಮ್ಮವರ ವಾಕ್ಯ ಕೆಡುವುದು ಹೆಚ್ಚುಕಮ್ಮಿ ಅಲ್ಲೇ. ಸಂಜೆ ಪಾಠ ಹೇಳುತ್ತಾ, ಹಗಲು ಆಫೀಸಿನಲ್ಲಿ ಬೇರೆಯವರ ಮೇಲ್ ತಿದ್ದುತ್ತಾ ಕಂಡ ದೋಷಗಳನ್ನು ಇಲ್ಲಿ ಬರೆದಿದ್ದೇನೆ. ಸುಲಭದ್ದು ಮೊದಲು, ತೊಡಕಿನದು ಆಮೇಲೆ. ನಿಮ್ಮ ವಾಕ್ಯದಲ್ಲಿ ಯಾವ ಲಕ್ಷಣ ಕಾಣುತ್ತದೋ ಅಲ್ಲಿಗೇ ನೇರವಾಗಿ ಹೋಗಬಹುದು.

ಮೊದಲು, ಖರ್ಚಿಲ್ಲದ ಒಂದು ಪರೀಕ್ಷೆ

ವಾಕ್ಯವನ್ನು ಜೋರಾಗಿ ಓದಿ. ಅದರೊಳಗೆ ಎಷ್ಟು ಪುಟ್ಟ ವಾಕ್ಯಗಳಿವೆ ಎಣಿಸಿ. ಆಮೇಲೆ ಕೊಂಡಿ ಪದಗಳನ್ನು ಎಣಿಸಿ: ಆಲ್‌ದೋ, ದೋ, ಈವನ್ ದೋ, ಬಟ್, ವೈಲ್, ವೇರ್‌ಆ್ಯಸ್. ಪುಟ್ಟ ವಾಕ್ಯಗಳನ್ನು ರೈಲಿನ ಬೋಗಿ ಅಂದುಕೊಳ್ಳಿ: ಎರಡು ಬೋಗಿ ಸೇರಿಸಲು ಒಂದು ಕೊಂಡಿ ಸಾಕು, ಮೂರು ಬೋಗಿಗೆ ಎರಡು. ಕೊಂಡಿ ಜಾಸ್ತಿ ಇದ್ದರೆ ಲಕ್ಷಣ 1 ನೋಡಿ. ಬೋಗಿ ಒಂದೇ ಇದ್ದು ಕೊಂಡಿ ನೇತಾಡುತ್ತಿದ್ದರೆ ಲಕ್ಷಣ 2. ಲೆಕ್ಕ ಸರಿಯಿದ್ದೂ ವಾಕ್ಯ ಕುಂಟುತ್ತಿದ್ದರೆ ಮುಂದಕ್ಕೆ ಓದಿ.

ಕಂಪ್ಯೂಟರು ಪದದ ಕೆಳಗೆ ಎಳೆಯುವ ಗೆರೆಯನ್ನೂ ನೋಡಿಕೊಳ್ಳಿ, ತಪ್ಪಿಲ್ಲ. ಆದರೆ ಅದನ್ನೇ ನಂಬಿ ಕೂರಬೇಡಿ. ವಾಕ್ಯ ಸರಿಯಿದ್ದು ಅರ್ಥ ಮಾತ್ರ ಬೇರೆಯಾಗಿದ್ದರೆ, ನಿಮ್ಮ ಮನಸ್ಸಿನಲ್ಲಿ ಏನಿತ್ತು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಲಕ್ಷಣ 1: ಶುರುವಿನಲ್ಲಿ ಆಲ್‌ದೋ, ನಡುವೆ ಬಟ್

"ಆಲ್‌ದೋ ಇಟ್ ವಾಸ್ ರೈನಿಂಗ್, ಬಟ್ ಹೀ ಕೇಮ್." ಎಲ್ಲಕ್ಕಿಂತ ಜಾಸ್ತಿ ಕಾಣುವ ದೋಷ ಇದೇ. ರಿಪೇರಿಯೂ ಸುಲಭ: ಎರಡರಲ್ಲಿ ಒಂದನ್ನು ತೆಗೆಯಿರಿ. "ಆಲ್‌ದೋ ಇಟ್ ವಾಸ್ ರೈನಿಂಗ್, ಹೀ ಕೇಮ್" ಅನ್ನಿ. ಇಲ್ಲವೇ "ಇಟ್ ವಾಸ್ ರೈನಿಂಗ್, ಬಟ್ ಹೀ ಕೇಮ್" ಅನ್ನಿ. ಎರಡೂ ಸರಿ.

ಆದರೆ ತೆಗೆದ ಬಟ್ ಮರುದಿನ ಮತ್ತೆ ಬಂದು ಕೂರುತ್ತದೆ. ಯಾಕೆ ಅಂತ ತಿಳಿಯದಿದ್ದರೆ ಅದು ಹೋಗುವುದಿಲ್ಲ. ಕನ್ನಡದಲ್ಲಿ ಇದೇ ಮಾತು ಹೇಗೆ ಹೇಳುತ್ತೇವೆ ನೋಡಿ: "ಮಳೆ ಬರುತ್ತಿದ್ದರೂ ಅವನು ಬಂದ." ಇಲ್ಲಿ ಕೊಂಡಿ ಇರುವುದು ಎಲ್ಲಿ? ಮೊದಲ ವಾಕ್ಯದ ಬಾಲದಲ್ಲಿ, "ಇದ್ದರೂ" ಅನ್ನುವುದರ "ರೂ" ಒಳಗೆ. ಅಂದರೆ ಎರಡು ವಾಕ್ಯ ಸೇರುವ ಬೆಸುಗೆಯ ಜಾಗದಲ್ಲೇ. ಇಂಗ್ಲಿಷಿನ ಆಲ್‌ದೋ ಬೆಸುಗೆಯ ಹತ್ತಿರ ಇರುವುದಿಲ್ಲ, ವಾಕ್ಯದ ತಲೆಯ ಮೇಲೆ ಕೂರುತ್ತದೆ. ಅದನ್ನು ಹೇಳಿ ಮುಗಿಸಿ ಬೆಸುಗೆಯ ಹತ್ತಿರ ಬರುವ ಹೊತ್ತಿಗೆ ಕನ್ನಡದ ಕಿವಿಗೆ ಅಲ್ಲಿ ಏನೋ ಖಾಲಿ ಅನ್ನಿಸುತ್ತದೆ. ಇಲ್ಲೊಂದು "ರೂ" ಬರಬೇಕಿತ್ತಲ್ಲ ಅಂತ ಬಾಯಿ ಹುಡುಕುತ್ತದೆ. ಸಿಕ್ಕಿದ್ದು ಬಟ್. ಹಾಕಿಬಿಡುತ್ತದೆ.

ಹಾಗಾಗಿ ನನ್ನ ಮದ್ದು ಇಷ್ಟೇ: ಕಾಮಾ ಬಂದಾಗ ಬಾಯಿ ಮುಚ್ಚಿ ಒಂದು ಕ್ಷಣ ನಿಲ್ಲಿ. ಆ ಖಾಲಿತನವನ್ನು ಹಾಗೇ ಬಿಡಿ. ಆಮೇಲೆ ನೇರವಾಗಿ "ಹೀ" ಅಂತ ಶುರು ಮಾಡಿ. ಕ್ಲಾಸಿನಲ್ಲಿ ಕಾಮಾ ಬಂದಾಗ ಮೇಜಿನ ಮೇಲೆ ಒಂದು ಸಲ ಬೆರಳು ತಟ್ಟಲು ಹೇಳುತ್ತೇನೆ. ಬಟ್‌ನ ಜಾಗಕ್ಕೆ ಆ ಸದ್ದು ಕೂರುತ್ತದೆ. ನೋಡುವವರಿಗೆ ನಗು ಬರುತ್ತದೆ, ಆದರೆ ಕೆಲಸ ಮಾಡುತ್ತದೆ.

ಇನ್ನೂ ಸುಲಭದ ದಾರಿ ಬೇಕಾದರೆ ವಾಕ್ಯ ತಿರುಗಿಸಿ: "ಹೀ ಕೇಮ್ ಆಲ್‌ದೋ ಇಟ್ ವಾಸ್ ರೈನಿಂಗ್." ಈಗ ಕೊಂಡಿ ಬೆಸುಗೆಯ ಜಾಗಕ್ಕೇ ಬಂತು, ಬಟ್‌ಗೆ ಜಾಗವೇ ಇಲ್ಲ. ಕಾಮಾ ಕೂಡ ಸಾಮಾನ್ಯವಾಗಿ ಬೇಕಿಲ್ಲ. ಆಲ್‌ದೋ ಮೊದಲು ಬಂದಾಗ ಮಾತ್ರ ನಡುವೆ ಕಾಮಾ ಹಾಕಿ.

ಇದು ನಮ್ಮೊಬ್ಬರ ತೊಂದರೆ ಅಂತ ನಾಚಿಕೊಳ್ಳಬೇಡಿ. ಹಿಂದಿಯವರಿಗೆ "ಹಾಲಾಂಕಿ" ಬಂದರೆ "ಲೇಕಿನ್" ಹಿಂದೆಯೇ ಬರುವುದು ಸಹಜ. ಚೀನಿ ಭಾಷೆಯಲ್ಲಂತೂ ಎರಡು ಕೊಂಡಿಯನ್ನು ಜೋಡಿಯಾಗಿ ಹಾಕುವುದೇ ವಾಡಿಕೆ, ಹಾಗಾಗಿ ಅವರೂ ಇಂಗ್ಲಿಷಿನಲ್ಲಿ ಇದೇ ಗುಂಡಿಗೆ ಬೀಳುತ್ತಾರೆ. ಎರಡು ಕೊಂಡಿ ಹಾಕುವುದು ದಡ್ಡತನವೇನಲ್ಲ. ಇಂಗ್ಲಿಷಿನ ಪದ್ಧತಿ ಅದಲ್ಲ, ಅಷ್ಟೇ.

ಒಂದು ಸುಳ್ಳು ಸೂಚನೆಯ ಬಗ್ಗೆ ಎಚ್ಚರ. "ಆಲ್‌ದೋ ಐ ಹ್ಯಾಡ್ ಫೀವರ್, ಐ ಸ್ಟಿಲ್ ಕೇಮ್" ಅನ್ನುವುದು ಸರಿಯಾದ ವಾಕ್ಯ. ಸ್ಟಿಲ್ ಕೊಂಡಿಯಲ್ಲ, ನಮ್ಮ "ಆದರೂ ಸಹ" ಇದ್ದಂತೆ ಒತ್ತು ಕೊಡುವ ಪದ. ಅನುಮಾನ ಬಂದರೆ ಅದನ್ನು ಜರುಗಿಸಿ ನೋಡಿ. "ಐ ಸ್ಟಿಲ್ ಕೇಮ್" ಆಗುತ್ತದೆ, "ಐ ಬಟ್ ಕೇಮ್" ಆಗುವುದಿಲ್ಲ. ಜರುಗುವುದು ಕೊಂಡಿಯಲ್ಲ, ಬಿಡಿ ಅದನ್ನು. ದೋ ಜೊತೆಗೆ ಬರುವ ಯೆಟ್ ಕೂಡ ತಪ್ಪಲ್ಲ. ನಮ್ಮ ಹಳೆಯ ಶಾಲಾ ವ್ಯಾಕರಣಗಳಲ್ಲಿ ದೋ ಮತ್ತು ಯೆಟ್ ಜೋಡಿ ಎತ್ತುಗಳಂತೆ ಬರುತ್ತಿದ್ದವು. ಈಗ ಸ್ವಲ್ಪ ಹಳೆಯ ಕಾಲದ ವಾಸನೆ, ಅಷ್ಟೇ.

ಲಕ್ಷಣ 2: ವಾಕ್ಯ ಅರ್ಧಕ್ಕೇ ನಿಂತಿದೆ

"ಹೀ ಡಿಡ್ ನಾಟ್ ಗೆಟ್ ದ ಜಾಬ್. ಆಲ್‌ದೋ ಹೀ ಪಾಸ್ಡ್ ದ ಟೆಸ್ಟ್." ಎರಡನೆಯದು ಒಂಟಿ ಬೋಗಿ. ಮಾತಿನಲ್ಲಿ ನಾವೂ ಹೀಗೆ ಹೇಳುತ್ತೇವೆ: "ಕೆಲಸ ಸಿಗಲಿಲ್ಲ. ಟೆಸ್ಟ್ ಪಾಸಾಗಿದ್ರೂ." ಇಂಗ್ಲಿಷ್ ಮಾತಿನಲ್ಲೂ ನಡೆಯುತ್ತದೆ. ಅರ್ಜಿಯಲ್ಲಿ, ಪರೀಕ್ಷೆಯಲ್ಲಿ ನಡೆಯುವುದಿಲ್ಲ. ನಡುವಿನ ಪೂರ್ಣವಿರಾಮ ತೆಗೆದರೆ ಮುಗಿಯಿತು.

ಲಕ್ಷಣ 3: ಬರೀ "ಈವನ್" ಇದೆ

"ಈವನ್ ಇಟ್ ವಾಸ್ ರೈನಿಂಗ್, ಹೀ ಕೇಮ್." ಇಲ್ಲಿ ಒಂದು ಪದ ಬಿದ್ದುಹೋಗಿದೆ. ಈವನ್ ದೋ ಅಂತ ಇರಬೇಕಿತ್ತು.

ಇದರ ಕಾರಣವೂ "ರೂ" ಒಳಗೇ ಇದೆ. "ಬಂದರೂ" ಅನ್ನುವುದನ್ನು ಬಿಡಿಸಿದರೆ "ಬಂದರೆ" ಮತ್ತು "ಊ". "ನಾನೂ ಬರುತ್ತೇನೆ", "ಮಕ್ಕಳೂ ಬಲ್ಲರು" ಅನ್ನುವಾಗ ಬರುವ ಅದೇ "ಊ". ಇಂಗ್ಲಿಷಿನ ಈವನ್ ಅದಕ್ಕೆ ಹತ್ತಿರದ ಪದ. ತಲೆ ಆ "ಊ" ಒಂದನ್ನು ಮಾತ್ರ ಅನುವಾದಿಸಿ, ಕೊಂಡಿಯಾಗಬೇಕಿದ್ದ ಉಳಿದ ಅರ್ಧವನ್ನು ಬಿಟ್ಟುಬಿಡುತ್ತದೆ. ಈವನ್ ಒಂದೇ ಎರಡು ಬೋಗಿ ಎಳೆಯಲಾರದು. ಅದಕ್ಕೆ ದೋ ಬೇಕು, ಇಲ್ಲವೇ ಇಫ್ ಬೇಕು. ಬರೆಯುವಾಗ ಈವನ್ ಬೇರೆ, ದೋ ಬೇರೆ. ಅಂಟಿಸಿ ಒಂದೇ ಪದ ಮಾಡಬೇಡಿ.

ದೋ ಬೇಕೋ ಇಫ್ ಬೇಕೋ ಅನ್ನುವಲ್ಲಿಂದ ನಿಜವಾದ ತೊಡಕು ಶುರು.

ಲಕ್ಷಣ 4: ಆಗದೇ ಇದ್ದದ್ದು ಆಗಿಹೋಗಿದೆ ಅಂತ ಓದುವವರು ತಿಳಿದುಕೊಂಡರು

ನಾನು ಹಗಲು ಕೆಲಸ ಮಾಡಿದ ಒಂದು ಕಡೆ ಸಪೋರ್ಟ್ ಟೀಮಿನ ಹುಡುಗನೊಬ್ಬ ಗ್ರಾಹಕರಿಗೆ ಧೈರ್ಯ ಹೇಳಲು ಒಂದು ಸಾಲಿನ ಮೇಲ್ ಕಳಿಸಿದ. "ಈವನ್ ದೋ ದ ಸರ್ವರ್ ಫೇಲ್ಸ್, ಯುವರ್ ಡೇಟಾ ಈಸ್ ಸೇಫ್." ಅವನ ಮನಸ್ಸಿನಲ್ಲಿದ್ದದ್ದು "ಸರ್ವರ್ ಕೆಟ್ಟರೂ ನಿಮ್ಮ ಡೇಟಾ ಭದ್ರ" ಅಂತ. ಹತ್ತು ನಿಮಿಷದಲ್ಲಿ ಫೋನು ಬಂತು. ಸರ್ವರ್ ಯಾವಾಗ ಕೆಟ್ಟಿತು? ನಮಗೆ ಯಾಕೆ ತಿಳಿಸಲಿಲ್ಲ? ಹುಡುಗ ಕಂಗಾಲು. "ಕೆಟ್ಟಿದೆ ಅಂತ ನಾನು ಹೇಳಲೇ ಇಲ್ಲವಲ್ಲ ಸರ್" ಅಂತ ನನ್ನ ಮೇಜಿಗೆ ಬಂದ. ಹೇಳಿದ್ದ, ಪಾಪ. ಗೊತ್ತಿಲ್ಲದೆ ಹೇಳಿದ್ದ.

ಈವನ್ ದೋ ಅಂದರೆ ಅದು ನಿಜವಾಗಿ ಆಗಿದೆ, ಅಥವಾ ಆಗುತ್ತಲೇ ಇರುತ್ತದೆ. ಈವನ್ ಇಫ್ ಅಂದರೆ ಆಗಬಹುದು, ಆಗದೇ ಇರಬಹುದು. ಕನ್ನಡದ "ರೂ" ಈ ಎರಡೂ ಕೆಲಸವನ್ನು ಒಂದೇ ಮಾಡುತ್ತದೆ. "ಮಳೆ ಬಂದರೂ" ಅಂತ ಅಷ್ಟೇ ಹೇಳಿ ನಿಲ್ಲಿಸಿ ನೋಡಿ. ಮಳೆ ಬಂತೋ ಇಲ್ಲವೋ? ಹೇಳಲು ಬರುವುದಿಲ್ಲ. "ಮಳೆ ಬಂದರೂ ಮ್ಯಾಚ್ ನಡೆಯಿತು" ಅಂದರೆ ಮಳೆ ಬಂದಿದೆ. "ಮಳೆ ಬಂದರೂ ಮ್ಯಾಚ್ ನಡೆಯುತ್ತದೆ" ಅಂದರೆ ಇನ್ನೂ ಆಕಾಶ ನೋಡಬೇಕು. ನಮಗೆ ಗುಟ್ಟು ಬಿಟ್ಟುಕೊಡುವುದು ಕೊನೆಯ ಕ್ರಿಯಾಪದ. ಇಂಗ್ಲಿಷಿನಲ್ಲಿ ಕೊಂಡಿ ಪದದಲ್ಲೇ ತೀರ್ಮಾನ ಆಗಿಬಿಡಬೇಕು. ಕೊನೆವರೆಗೆ ಕಾಯುವ ಸೌಲಭ್ಯ ಇಲ್ಲ.

ಹಾಗಾಗಿ ಬರೆಯುವ ಮೊದಲೇ ಕೇಳಿಕೊಳ್ಳಿ: ಇದು ಆಗಿದೆಯಾ? ಹೌದಾದರೆ ದೋ. ಗೊತ್ತಿಲ್ಲ, ಮುಂದಿನ ಮಾತು ಅಂದರೆ ಇಫ್. "ಹುಷಾರಾದರೂ ಮಾತ್ರೆ ನಿಲ್ಲಿಸಬೇಡಿ" ಅನ್ನುವುದು "ಈವನ್ ಇಫ್ ಯು ಫೀಲ್ ಬೆಟರ್" ಆಗಬೇಕು. ಹುಷಾರಾಗಿದ್ದಾರೋ ಇಲ್ಲವೋ ಬರೆದವರಿಗೆ ಗೊತ್ತಿಲ್ಲವಲ್ಲ.

ಇಲ್ಲೊಂದು ಎಚ್ಚರಿಕೆ. ಔಷಧಿ, ಕರೆಂಟು, ಗ್ಯಾಸ್, ಯಂತ್ರ ಇವುಗಳ ಸೂಚನೆಗಳನ್ನು ಬರೆಯುವಾಗ ಈ ಎರಡರಲ್ಲಿ ಒಂಚೂರು ಅನುಮಾನ ಇದ್ದರೂ ಎರಡನ್ನೂ ಬಿಡಿ. ಪುಟ್ಟ ಪುಟ್ಟ ವಾಕ್ಯ ಮಾಡಿ. "ಸ್ವಿಚ್ ಆಫ್ ಮಾಡಿದ್ದರೂ ತಂತಿ ಮುಟ್ಟಬೇಡಿ" ಅನ್ನುವ ಬದಲು "ತಂತಿ ಮುಟ್ಟಬೇಡಿ. ಸ್ವಿಚ್ ಆಫ್ ಇದ್ದಾಗಲೂ ಮುಟ್ಟಬೇಡಿ" ಅನ್ನುವ ಧಾಟಿ. ಇಂಥ ಕಡೆ ಚೆಂದಕ್ಕಿಂತ ಜೀವ ದೊಡ್ಡದು.

ಲಕ್ಷಣ 5: "ಡಿಸ್ಪೈಟ್ ಆಫ್", ಅಥವಾ ಡಿಸ್ಪೈಟ್ ಆದ ಮೇಲೆ ಪೂರ್ತಿ ವಾಕ್ಯ

"ಡಿಸ್ಪೈಟ್ ಆಫ್ ದ ರೈನ್" ಅಂತ ಕಂಡರೆ ಆಫ್ ಹೊಡೆದುಹಾಕಿ. ಆಫ್ ಬೇಕೇ ಬೇಕಾದರೆ "ಇನ್ ಸ್ಪೈಟ್ ಆಫ್ ದ ರೈನ್" ಅನ್ನಿ. ಅರ್ಥ ಒಂದೇ. ಈ ತಪ್ಪು ತೀರಾ ಬುಡವಿಲ್ಲದ್ದೂ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ "ಇನ್ ಡಿಸ್ಪೈಟ್ ಆಫ್" ಅಂತಲೇ ಬಳಕೆಯಿತ್ತು. ಆಗ ಡಿಸ್ಪೈಟ್ ಅಂದರೆ ತಿರಸ್ಕಾರ. ಮಳೆಯನ್ನು ತಿರಸ್ಕಾರ ಮಾಡಿ ಬಂದ ಅಂತ! ಕಾಲ ಕಳೆದಂತೆ ಇನ್ ಕೂಡ ಹೋಯಿತು, ಆಫ್ ಕೂಡ ಹೋಯಿತು. ನಮ್ಮ ನಾಲಿಗೆ ಮೇಲೆ ಆಫ್ ಮಾತ್ರ ಉಳಿದುಕೊಂಡಿದೆ.

ಇನ್ನೊಂದು ರೂಪ: "ಡಿಸ್ಪೈಟ್ ಹೀ ವಾಸ್ ಇಲ್, ಹೀ ವರ್ಕ್ಡ್." ಡಿಸ್ಪೈಟ್ ಪೂರ್ತಿ ವಾಕ್ಯವನ್ನು ಹೊರುವುದಿಲ್ಲ. ಅದಕ್ಕೆ ಒಂದು ನಾಮಪದ ಕೊಡಿ, ಇಲ್ಲವೇ ಇಂಗ್ ಹಚ್ಚಿದ ಕ್ರಿಯಾಪದ ಕೊಡಿ: "ಡಿಸ್ಪೈಟ್ ಹಿಸ್ ಇಲ್‌ನೆಸ್", "ಡಿಸ್ಪೈಟ್ ಬೀಯಿಂಗ್ ಇಲ್". ಎರಡೂ ತೋಚದಿದ್ದರೆ ಡಿಸ್ಪೈಟ್ ಕಿತ್ತು ಆಲ್‌ದೋ ಹಾಕಿ, ಉಳಿದದ್ದು ಹಾಗೇ ಇರಲಿ. "ಡಿಸ್ಪೈಟ್ ದ ಫ್ಯಾಕ್ಟ್ ದಟ್" ಅಂತ ಉದ್ದ ಮಾಡುವುದು ವ್ಯಾಕರಣಕ್ಕೆ ಸರಿ, ನನಗೆ ಮಾತ್ರ ಇಷ್ಟವಿಲ್ಲ. ಒಂದು ಪದ ಸಾಕಾಗುವ ಕಡೆ ನಾಲ್ಕು ಯಾಕೆ?

ಲಕ್ಷಣ 6: "ಇಫ್" ಬಂದು ಕೂತಿದೆ, ಷರತ್ತು ಎಲ್ಲೂ ಇಲ್ಲ

"ಇಫ್ ಮೈ ಸಿಸ್ಟರ್ ಈಸ್ ಎ ಡಾಕ್ಟರ್, ಐ ಆ್ಯಮ್ ಎ ಟೀಚರ್." ಕೇಳಿದವರಿಗೆ ತಲೆ ತಿರುಗುತ್ತದೆ. ಅಕ್ಕ ಡಾಕ್ಟರಾಗದಿದ್ದರೆ ನೀವು ಟೀಚರಾಗುತ್ತಿರಲಿಲ್ಲವಾ?

ಇದು ಕನ್ನಡದಿಂದ ನೇರ ಇಳಿದ ವಾಕ್ಯ. "ಅಕ್ಕ ಡಾಕ್ಟರಾದರೆ ನಾನು ಟೀಚರು." "ಕೊಡಗಿನಲ್ಲಿ ಕಾಫಿ ಬೆಳೆದರೆ ಮಂಡ್ಯದಲ್ಲಿ ಕಬ್ಬು ಬೆಳೆಯುತ್ತಾರೆ." ನಾವು "ರೆ"ಯನ್ನು ಷರತ್ತಿಗೂ ಬಳಸುತ್ತೇವೆ, ಎರಡನ್ನು ಪಕ್ಕಪಕ್ಕ ಇಟ್ಟು ತೋರಿಸಲೂ ಬಳಸುತ್ತೇವೆ. ಅಷ್ಟೇ ಯಾಕೆ, ನಮ್ಮ "ಆದರೆ" ಕೂಡ ಮೂಲದಲ್ಲಿ "ಹಾಗೆ ಆದರೆ" ಅನ್ನುವ ಷರತ್ತೇ, ಈಗ ಬಟ್ ಕೆಲಸ ಮಾಡುತ್ತಿದೆ. ಇಂಗ್ಲಿಷಿನಲ್ಲಿ ಪಕ್ಕಪಕ್ಕ ಇಡಲು ವೇರ್‌ಆ್ಯಸ್ ಇದೆ: "ಕೊಡಗು ಗ್ರೋಸ್ ಕಾಫಿ, ವೇರ್‌ಆ್ಯಸ್ ಮಂಡ್ಯ ಗ್ರೋಸ್ ಶುಗರ್‌ಕೇನ್." ಇಂಗ್ಲಿಷ್ ಪತ್ರಿಕೆಗಳಲ್ಲಿ ಆಗೀಗ ಇಫ್ ಅನ್ನೂ ಹೀಗೆ ಬಳಸುತ್ತಾರೆ, ಅದು ಶೈಲಿಗೆ. ಪರೀಕ್ಷೆಯಲ್ಲಿ ಆ ಸಾಹಸ ಬೇಡ.

ಹಾಗಾದರೆ ಆಲ್‌ದೋ ಎಲ್ಲಿ, ವೇರ್‌ಆ್ಯಸ್ ಎಲ್ಲಿ? ಕನ್ನಡದಲ್ಲಿ ಹೇಳಿ ನೋಡಿ. "ರೂ" ಬಂದರೆ ಆಲ್‌ದೋ, "ರೆ" ಬಂದರೆ ವೇರ್‌ಆ್ಯಸ್. ಇಷ್ಟು ಹೊತ್ತು ಕಾಟ ಕೊಟ್ಟ ಕನ್ನಡ ಇಲ್ಲಿ ಚೆನ್ನಾಗಿ ಕೈ ಹಿಡಿಯುತ್ತದೆ. ಇನ್ನೊಂದು ಪರೀಕ್ಷೆ ಬೇಕಾದರೆ ಎರಡು ವಾಕ್ಯ ಅದಲುಬದಲು ಮಾಡಿ. ಕಾಫಿ ಮೊದಲು ಬಂದರೇನು, ಕಬ್ಬು ಮೊದಲು ಬಂದರೇನು, ಅರ್ಥ ಕೆಡುವುದಿಲ್ಲ, ಹಾಗಾಗಿ ಅದು ವೇರ್‌ಆ್ಯಸ್. "ಜ್ವರ ಇದ್ದರೂ ಬಂದೆ" ಅನ್ನುವುದನ್ನು ತಿರುಗಿಸಿ "ಬಂದರೂ ಜ್ವರ ಇತ್ತು" ಅಂದರೆ ಕಥೆಯೇ ಬೇರೆ.

ಲಕ್ಷಣ 7: ವೈಲ್ ಇದೆ, ಎರಡು ಅರ್ಥ ಬರುತ್ತಿದೆ

"ವೈಲ್ ಐ ಸ್ಟಡೀಡ್ ಇನ್ ಮೈಸೂರು, ಮೈ ಬ್ರದರ್ ವರ್ಕ್ಡ್ ಇನ್ ಹುಬ್ಬಳ್ಳಿ." ನಾನು ಓದುವ ಹೊತ್ತಿನಲ್ಲಿ ಅಣ್ಣ ಕೆಲಸ ಮಾಡುತ್ತಿದ್ದನೋ, ನಾನು ಓದಿದರೆ ಅವನು ದುಡಿದನೋ? ವೈಲ್ ಮೂಲದಲ್ಲಿ ಹೊತ್ತು ಅನ್ನುವ ಅರ್ಥದ ಪದ, ಆ ವಾಸನೆ ಇನ್ನೂ ಹೋಗಿಲ್ಲ. ಹೊತ್ತಿನ ಅರ್ಥವೂ ಇಣುಕುತ್ತಿದ್ದರೆ ವೈಲ್ ತೆಗೆದು ವೇರ್‌ಆ್ಯಸ್ ಹಾಕಿ.

ಲಕ್ಷಣ 8: ಕಾಮಾ, ಹೌವೆವರ್, ಮತ್ತೆ ವಾಕ್ಯ

"ಐ ವಾಸ್ ಟೈರ್ಡ್, ಹೌವೆವರ್ ಐ ವೆಂಟ್." ಆಫೀಸ್ ಮೇಲ್‌ಗಳಲ್ಲಿ ಇದು ಜಾಸ್ತಿ. ಬಟ್ ಸಣ್ಣ ಪದ, ಹೌವೆವರ್ ಗಂಭೀರ ಅಂತ ಅದರ ಜಾಗಕ್ಕೆ ಇದನ್ನು ತಂದು ಕೂರಿಸುತ್ತಾರೆ. ಹೌವೆವರ್ ಕೊಂಡಿಯಲ್ಲ, ಸ್ಟಿಲ್‌ನ ಜಾತಿ. ಮೊದಲ ವಾಕ್ಯಕ್ಕೆ ಪೂರ್ಣವಿರಾಮ ಇಟ್ಟು ಹೊಸದಾಗಿ ಶುರು ಮಾಡಿ: "ಐ ವಾಸ್ ಟೈರ್ಡ್. ಹೌವೆವರ್, ಐ ವೆಂಟ್." ಅಥವಾ ಸುಮ್ನೆ ಬಟ್ ಹಾಕಿ. ಬಟ್‌ಗೆ ಏನೂ ಕಮ್ಮಿ ಮರ್ಯಾದೆ ಇಲ್ಲ. "ಹೌವೆವರ್ ಹಾರ್ಡ್ ಐ ಟ್ರೈ" ಅನ್ನುವಲ್ಲಿ ಬರುವುದು ಬೇರೆ ಹೌವೆವರ್. ಅದು "ಎಷ್ಟೇ ಪ್ರಯತ್ನಪಟ್ಟರೂ". ಅಲ್ಲಿ ಆ ಪದದ ಪಕ್ಕ ಕಾಮಾ ಬರುವುದಿಲ್ಲ.

ದೋ ಒಂದೇ ವಾಕ್ಯದ ಕೊನೆಯಲ್ಲಿ ಬಂದರೆ ಹೆದರಬೇಡಿ. "ದ ಫುಡ್ ವಾಸ್ ಗುಡ್. ಟೂ ಸ್ಪೈಸಿ, ದೋ." ಊಟ ಚೆನ್ನಾಗಿತ್ತು, ಖಾರ ಜಾಸ್ತಿ ಆಯ್ತು ಅಷ್ಟೇ, ಅನ್ನುವ ರಾಗ. ಮಾತಿಗೆ ಚೆಂದ. ಆಲ್‌ದೋ ಮಾತ್ರ ಆ ಜಾಗದಲ್ಲಿ ಕೂರುವುದಿಲ್ಲ.

ಲಕ್ಷಣ 9: ವ್ಯಾಕರಣ ಸರಿ, ಓದಿದವರ ಮುಖ ಕೆಂಪು

ಈ ದೋಷ ಯಾವ ಎಣಿಕೆಗೂ ಸಿಗುವುದಿಲ್ಲ. "ದೋ ಹೀ ಈಸ್ ಪೂರ್, ಹೀ ಈಸ್ ಆನೆಸ್ಟ್." ಶಾಲೆಯಲ್ಲಿ ಎಷ್ಟು ಸಲ ಬರೆದಿದ್ದೇವೆ ಅಲ್ವಾ? ನಾನೂ ಬೋರ್ಡಿನ ಮೇಲೆ ವರ್ಷಗಟ್ಟಲೆ ಬರೆದೆ. ಒಂದು ದಿನ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಸರ್, ಬಡವರು ಸಾಮಾನ್ಯವಾಗಿ ಕಳ್ಳರಾ?" ಚಾಕ್‌ಪೀಸು ಕೈಯಲ್ಲೇ ಉಳಿಯಿತು. ಆಮೇಲೆ ಆ ವಾಕ್ಯ ಬರೆದಿಲ್ಲ.

ಆಲ್‌ದೋ ಹಾಕಿದ ತಕ್ಷಣ "ಹೀಗಿದ್ದವರು ಹಾಗಿರುವುದಿಲ್ಲ" ಅನ್ನುವ ನಿಮ್ಮ ಎಣಿಕೆ ಹೊರಗೆ ಬರುತ್ತದೆ. "ಹಳ್ಳಿಯವಳಾದರೂ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಾಳೆ" ಅನ್ನುವುದು ಹೊಗಳಿಕೆ ಅಂತ ಹೇಳಿದವರಿಗೆ ಅನ್ನಿಸುತ್ತದೆ. ಕೇಳಿಸಿಕೊಂಡವಳಿಗೆ ಅನ್ನಿಸುವುದಿಲ್ಲ. ಊರು, ಜಾತಿ, ಹೆಣ್ಣು, ವಯಸ್ಸು, ಅಂಗವಿಕಲತೆ ಇವು ಆಲ್‌ದೋ ಪಕ್ಕ ಬಂದರೆ ಅಲ್ಲೇ ನಿಲ್ಲಿ. ಕೊಂಡಿ ಕಳಚಿ, ಹೊಗಳಿಕೆಯನ್ನಷ್ಟೇ ಉಳಿಸಿ.

ಕ್ರಮವೂ ನೋಡಿ. "ಯುವರ್ ವರ್ಕ್ ಈಸ್ ಗುಡ್, ಬಟ್ ಯು ಆರ್ ಸ್ಲೋ" ಅಂದರೆ ಕೆಳಗಿನವರ ಮನಸ್ಸಿನಲ್ಲಿ ಉಳಿಯುವುದು ಸ್ಲೋ. ಅದನ್ನೇ ತಿರುಗಿಸಿ "ಯು ಆರ್ ಸ್ಲೋ, ಬಟ್ ಯುವರ್ ವರ್ಕ್ ಈಸ್ ಗುಡ್" ಅಂದರೆ ಉಳಿಯುವುದು ಗುಡ್. ಬಟ್ ಆದ ಮೇಲೆ ಬಂದದ್ದೇ ಭಾರ. ಆಲ್‌ದೋ ಹಾಕಿದರೆ ಅದು ಹೊತ್ತ ಭಾಗ ಹಗುರ, ಇನ್ನೊಂದು ಭಾರ. ಯಾರಿಗಾದರೂ ವರ್ಷದ ರಿವ್ಯೂ ಬರೆಯುವ ಮೊದಲು ಎರಡೂ ರೀತಿ ಬರೆದು ಓದಿಕೊಳ್ಳಿ.

ಇಲ್ಲಿಗೆ ನಿಲ್ಲಿಸಿ, ಬೇರೆಯವರನ್ನು ಕೇಳಿ

ನಾಟ್‌ವಿತ್‌ಸ್ಟ್ಯಾಂಡಿಂಗ್ ಅನ್ನುವ ಪದ ಕಂಡರೆ ರಿಪೇರಿಗೆ ಇಳಿಯಬೇಡಿ. ನೋಡಲು ಡಿಸ್ಪೈಟ್‌ನ ಅಣ್ಣನ ಹಾಗಿದೆ, ಕೆಲಸ ಬೇರೆ. ಸಂವಿಧಾನದ 343ನೇ ವಿಧಿಯನ್ನೇ ನೋಡಿ. 1ನೇ ಖಂಡ ಒಕ್ಕೂಟದ ಆಡಳಿತ ಭಾಷೆ ದೇವನಾಗರಿ ಲಿಪಿಯ ಹಿಂದಿ ಅನ್ನುತ್ತದೆ. 2ನೇ ಖಂಡ ಶುರುವಾಗುವುದೇ ನಾಟ್‌ವಿತ್‌ಸ್ಟ್ಯಾಂಡಿಂಗ್‌ನಿಂದ: 1ನೇ ಖಂಡದಲ್ಲಿ ಏನೇ ಇದ್ದರೂ, ಸಂವಿಧಾನ ಜಾರಿಗೆ ಬಂದ ದಿನದಿಂದ 15 ವರ್ಷ ಇಂಗ್ಲಿಷ್ ಮುಂದುವರಿಯುತ್ತದೆ ಅಂತ. ಆಲ್‌ದೋ ಹೇಳುವುದು ನಮ್ಮ ಅಚ್ಚರಿಯನ್ನು. ಈ ಪದ ಒಂದು ನಿಯಮವನ್ನು ಇನ್ನೊಂದರ ಮೇಲೆ ಕೂರಿಸುತ್ತದೆ. "ಸುಲಭ ಇಂಗ್ಲಿಷ್ ಮಾಡೋಣ" ಅಂತ ಅಲ್ಲಿ ಆಲ್‌ದೋ ಹಾಕಿದರೆ ಯಾವ ನಿಯಮ ಮೇಲು ಅನ್ನುವುದೇ ಮಸುಕಾಗುತ್ತದೆ.

ಮನೆ ಬಾಡಿಗೆ ಕರಾರು, ಸಾಲದ ಪತ್ರ, ಕೆಲಸದ ಒಪ್ಪಂದ ಇವುಗಳಲ್ಲಿ ಆ ಪದ ಸಿಕ್ಕರೆ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿ ಗೊತ್ತಿರುವ ವಕೀಲರ ಹತ್ತಿರ ತೆಗೆದುಕೊಂಡು ಹೋಗಿ. "ಇದರ ಅರ್ಥವೇನು" ಅಂತ ಕೇಳಬೇಡಿ. "ಇದು ಯಾವ ಕಲಮನ್ನು ಮೀರುತ್ತದೆ" ಅಂತ ಕೇಳಿ.